ಕಿವಿ ಕೇಳದವರಿಗೂ ಲೈಸೆನ್ಸು ಉಂಟು

ಅಡಿಕೆ ಹಾಕಲು ಬಂದಿದ್ದ ಸದಸ್ಯರೊಬ್ಬರು ಲೆಕ್ಕ ಚುಕ್ತಾ ಆದ ಮೇಲೂ ಕಚೇರಿಯಿಂದ ಏಳಲಿಲ್ಲ. ಹುಟ್ಟಿನಿಂದ ಕಿವಿ ಕೇಳದ ಅವರ ಮಗ ತೋಟದೊಳಗೆ ಜೀಪನ್ನು ಚೆನ್ನಾಗಿಯೇ ಓಡಿಸುತ್ತಾನೆ. ರಸ್ತೆಗಿಳಿಯಲು ಲೈಸೆನ್ಸು ಬೇಕು. ಮಧ್ಯವರ್ತಿಯೊಬ್ಬ, ‘ಕಿವುಡರಿಗೆ ಕೊಡುವುದಿಲ್ಲ, ಕೇಳುತ್ತದೆ ಎಂದೇ ಬರೆದುಬಿಡೋಣ’ ಎಂದನಂತೆ. ಇಂಥ ಮಾತು ಬೇರೆ ಸದಸ್ಯರ ಮನೆಗೂ ಬಂದಿರಬಹುದಾದ್ದರಿಂದ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬಂದಾಗ, ಸಾಮಾನ್ಯ ಶಬ್ದ ಸಂಕೇತ ಕೇಳಿಸದಷ್ಟು ಕಿವುಡು ಇದೆಯೇ ಎಂಬ ಪ್ರಶ್ನೆ ಫಾರಂ 1ರಲ್ಲಿತ್ತು. ಹೌದೆಂದವರನ್ನು ಪರೀಕ್ಷೆಗೂ ಕರೆಯದೆ ಕಳಿಸುತ್ತಿದ್ದರು. ಕಿವುಡರ ರಾಷ್ಟ್ರೀಯ ಸಂಘ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರ ಫೆಬ್ರವರಿಯಲ್ಲಿ ನ್ಯಾಯಾಲಯ, ಅಂಥವರಿಗೂ ಪರೀಕ್ಷೆ ಕೊಡಬೇಕು, ತೇರ್ಗಡೆಯಾದರೆ ಲೈಸೆನ್ಸು ಕೊಡಬೇಕು ಎಂದಿತು. 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೂ ರಾಜ್ಯಗಳಿಗೆ ಅದೇ ರೀತಿ ಬರೆಯಿತು. ವಾಹನ ನಡೆಸುವುದು ಮುಖ್ಯವಾಗಿ ಕಣ್ಣಿನ ಕೆಲಸವೆಂಬುದೇ ಇದರ ಹಿಂದಿನ ವಿಚಾರ.

ಘಟ್ಟದ ತಿರುವಿನಲ್ಲಿ ಹಾರ್ನು ಕೇಳದಿದ್ದರೆ ಗತಿಯೇನೆಂದು ತಂದೆಯೇ ಕೇಳಿದರು. ನ್ಯಾಯವಾದ ಅಂಜಿಕೆಯೇ. ಆದರೆ ಆಷಾಢದ ಮಳೆಯಲ್ಲಿ ಗಾಜು ಏರಿಸಿಕೊಂಡು ಚಾರ್ಮಾಡಿ ಇಳಿಯುವಾಗ ನಮಗೆಷ್ಟು ಹಾರ್ನು ಕೇಳಿಸುತ್ತದೆ? ಹಾಡು ಹಾಕಿಕೊಂಡವರ ಮಾತಂತೂ ಬೇಡ. ತನ್ನ ಮಗ್ಗುಲು ಬಿಡದೆ, ತಿರುವಿಗೆ ಮೊದಲೇ ವೇಗ ತಗ್ಗಿಸಿ, ಕನ್ನಡಿಯನ್ನು ಅಡಿಗಡಿಗೆ ನೋಡುವವನು ಕಿವಿಯನ್ನೇ ನಂಬಿದವನಿಗಿಂತ ವಾಸಿ. ರಾತ್ರಿಯಾದರೆ ಎದುರು ಗಾಡಿಯ ಬೆಳಕೇ ಮೊದಲು ಸುದ್ದಿ ಕೊಡುತ್ತದೆ.

ಸುಳ್ಳು ಬರೆಯುವುದು ಮಾತ್ರ ಬೇಡವೇ ಬೇಡ. ತಪ್ಪು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡಲು 1988ರ ಕಾಯಿದೆಯಲ್ಲಿ ಅವಕಾಶವಿದೆ. ಅಪಘಾತವಾದ ದಿನ ಮಧ್ಯವರ್ತಿ ಪಕ್ಕದಲ್ಲಿ ನಿಲ್ಲುವುದಿಲ್ಲ. ಆಗುವುದಿಲ್ಲವೆಂದು ಯಾರಾದರೂ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಶ್ರವಣಯಂತ್ರವಿದ್ದರೆ ಹಾಕಿಕೊಂಡೇ ಹೋಗಿ. ಗಾಡಿ ಹೊರಟ ಮೇಲೆ ಇನ್‌ಸ್ಪೆಕ್ಟರರ ಬಾಯಿ ನೋಡುತ್ತ ಕೂರಲಾಗದು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬಾಡಿಗೆ ವಾಹನದ ಮಾತು ಬೇರೆ. ಅದಕ್ಕೆ ವಯಸ್ಸೆಷ್ಟೇ ಇರಲಿ, ಫಾರಂ 1-ಎ, ಅಂದರೆ ವೈದ್ಯರ ಪ್ರಮಾಣಪತ್ರ, ಬೇಕು.

ಸ್ವಂತ ಗಾಡಿಗೂ 40 ದಾಟಿದವರಿಗೆ ಆ ಪತ್ರ ಬೇಕು. ನಮ್ಮಲ್ಲಿ ಬಹುಮಂದಿ ಆ ಗಡಿ ದಾಟಿ ಎಷ್ಟೋ ವರ್ಷವಾಯಿತು. ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರು, ಪಲ್ಪರುಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮೊದಲಿನಂತಿರುವುದಿಲ್ಲ. ಮನೆಯವರು ಎರಡು ಸಲ ಕೂಗಿದ ಮೇಲೆ ತಿರುಗುವವರು ನಾಚದೆ ಪರೀಕ್ಷೆ ಮಾಡಿಸಿಕೊಳ್ಳಿ. ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ.

ಆ ಹುಡುಗ ಉಳ್ಳದ್ದನ್ನು ಉಳ್ಳಂತೆ ಬರೆದು ಕಲಿಕಾ ಲೈಸೆನ್ಸು ಪಡೆದಿದ್ದಾನೆ. 30 ದಿನ ಕಳೆದ ಮೇಲೆ ಪರೀಕ್ಷೆ. ಅಲ್ಲಿಯವರೆಗೆ ಜೀಪಿಗೆ ಕೆಂಪು ‘ಎಲ್’ ಅಂಟಿಸಿ, ಲೈಸೆನ್ಸುಳ್ಳ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಿಪೋಗೆ ಬರುತ್ತಿದ್ದಾನೆ.