ಬೂಟ್ ನಿರ್ವಾಹಕವೂ ಅದರ ಪಾಠಪರಂಪರೆಯೂ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಮೊದಲಾದ ಎರಡು ಮೂರು ಕಾರ್ಯಾಚರಣ ವ್ಯವಸ್ಥೆಗಳು ಒಟ್ಟಿಗೆ ನೆಲಸಿರುವುದುಂಟು. ಯಂತ್ರದ ಗುಂಡಿಯನ್ನೊತ್ತಿದೊಡನೆ ಅವುಗಳಲ್ಲಿ ಯಾವುದು ಎಚ್ಚರಗೊಳ್ಳತಕ್ಕದ್ದೆಂದು ಯಜಮಾನನನ್ನು ಕೇಳಿ, ಆರಿಸಿದ ವ್ಯವಸ್ಥೆಗೆ ಅಧಿಕಾರವನ್ನೊಪ್ಪಿಸಿ, ತಾನು ಮರೆಯಾಗುವ ಸಣ್ಣದೊಂದು ಕ್ರಮವಿಧಿ, ಎಂದರೆ ಪ್ರೋಗ್ರಾಮು, ಇರುವುದು. ಅದಕ್ಕೆ ಬೂಟ್ ಮ್ಯಾನೇಜರ್ ಎಂದು ವ್ಯವಹಾರ. ಇಲ್ಲಿ ಬೂಟ್ ನಿರ್ವಾಹಕವೆಂದು ಕರೆಯುತ್ತೇನೆ. ವ್ಯಾಕರಣದಲ್ಲಿ ‘ಇತ್’ ಎನಿಸಿಕೊಂಡ ಅನುಬಂಧಾಕ್ಷರಗಳು ತಮ್ಮ ಕಾರ್ಯವನ್ನು ಮಾಡಿಕೊಟ್ಟು ಲೋಪಹೊಂದುವುದನ್ನು ಬಲ್ಲ ವಾಚಕರಿಗೆ ಇದರ ಸ್ವಭಾವವು ಸುಲಭವಾಗಿ ತಿಳಿಯುವುದು. ಸಿದ್ಧರೂಪದಲ್ಲಿ ಅದು ಕಾಣದು. ಅದಿಲ್ಲದೆ ರೂಪಸಿದ್ಧಿಯೂ ಇಲ್ಲ.

ಸಾಹಿತ್ಯಸಂಶೋಧನೆಯ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೇನು ಪ್ರಸಕ್ತಿಯೆಂಬ ಶಂಕೆ ಹುಟ್ಟಬಹುದು. ಮುಕ್ತ ತಂತ್ರಾಂಶವೆಂಬುದು ಮೂಲಪಾಠವನ್ನು ಎಲ್ಲರೂ ಓದಲು, ಪ್ರತಿಮಾಡಲು, ತಿದ್ದಲು ಬಿಟ್ಟಿರುವ ಗ್ರಂಥ. ಅದಕ್ಕೂ ಲಿಪಿಕಾರರುಂಟು, ಶಾಖೆಗಳುಂಟು, ಪಾಠಾಂತರಗಳುಂಟು, ಪ್ರಮಾದಗಳುಂಟು. ಅದರ ಪಾಲನೆಯನ್ನು ಗ್ರಂಥಸಂಪಾದನೆಯ ಕಣ್ಣಿನಿಂದ ನೋಡಿದಲ್ಲದೆ ಅದರ ಕಷ್ಟವು ಅರ್ಥವಾಗದೆಂದು ನನ್ನ ಅಭಿಪ್ರಾಯ.

ಮೊದಲು ಒಂದು ತರ್ಕದ ತೊಡಕನ್ನು ಬಿಡಿಸಿಕೊಳ್ಳಬೇಕು. ಯಾವ ಕ್ರಮವಿಧಿಯಾದರೂ ನಡೆಯಬೇಕಾದರೆ ಅದನ್ನು ತಟ್ಟೆಯಿಂದ ಸ್ಮೃತಿಕೋಶಕ್ಕೆ ತರುವ ಇನ್ನೊಂದು ಕ್ರಮವಿಧಿಯು ಬೇಕು. ಅದನ್ನು ತರಲು ಮತ್ತೊಂದು. ಇದು ಸ್ಪಷ್ಟವಾದ ಅನವಸ್ಥಾದೋಷ. ಇಂಗ್ಲಿಷಿನಲ್ಲಿ ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇರುವವನ ಮಾತೊಂದುಂಟು. ‘ಬೂಟ್’ ಎಂಬ ಪರಿಭಾಷೆ ಹುಟ್ಟಿದ್ದು ಅದರಿಂದ. ದೋಷದ ಪರಿಹಾರವಾದರೋ ಸರಳ: ಯಂತ್ರದ ಫಲಕದ ಮೇಲಿನ ಚಿಪ್ಪಿನಲ್ಲಿ ತಯಾರಕನೇ ಒಂದು ಕ್ರಮವಿಧಿಯನ್ನು ನೆಲೆಗೊಳಿಸಿರುತ್ತಾನೆ. ಅದು ಫರ್ಮ್‌ವೇರ್. ಅದನ್ನು ಯಾರೂ ತರಬೇಕಾಗಿಲ್ಲ. ಅನವಸ್ಥೆಯು ಅಲ್ಲಿ ನಿಲ್ಲುವುದು.

ಬಯಾಸ್ ಎಂಬ ಹಳೆಯ ಫರ್ಮ್‌ವೇರಿಗೆ ತಿಳಿದಿದ್ದುದು ಅತ್ಯಲ್ಪ. ಅದು ತಟ್ಟೆಯ ಮೊದಲ 512 ಬೈಟುಗಳನ್ನು ಓದಿ, ಕೊನೆಯ 2 ಬೈಟುಗಳಲ್ಲಿ ನಿಗದಿಯಾದ ಮುದ್ರೆಯಿದೆಯೇ ಎಂದು ನೋಡಿ, ಇದ್ದರೆ ಅಧಿಕಾರವನ್ನು ಬಿಟ್ಟುಕೊಡುತ್ತಿದ್ದಿತು. ಆ 512ರಲ್ಲಿ 64 ಬೈಟುಗಳು ತಟ್ಟೆಯ ವಿಭಾಗಪಟ್ಟಿಗೆ ಮೀಸಲು. ಉಳಿದ 446 ಬೈಟುಗಳಲ್ಲಿ ಬೂಟ್ ಕಾರ್ಯದ ಮೊದಲ ಘಟ್ಟವು ಅಡಗಬೇಕು. ಇದು ಎಷ್ಟು ಅಲ್ಪವೆಂಬುದಕ್ಕೆ ನಮ್ಮ ಲಿಪಿಯ ಅಳತೆಯನ್ನು ತೆಗೆದುಕೊಳ್ಳೋಣ. ಯೂನಿಕೋಡಿನ ಯು.ಟಿ.ಎಫ್.-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು ಸಲ್ಲುತ್ತವೆ. ‘ಕ್ಷ’ ಎಂಬ ಒಂದು ಸಂಯುಕ್ತಾಕ್ಷರವೇ 9 ಬೈಟುಗಳನ್ನು ನುಂಗುವುದು. 446ರಲ್ಲಿ ಹಿಡಿಸುವ ಚಿಹ್ನೆಗಳು ಹೆಚ್ಚೆಂದರೆ 148. ಸೂತ್ರಕಾರರ ಅರ್ಧಮಾತ್ರಾಲಾಘವವನ್ನು ಪಾಠಶಾಲೆಯಲ್ಲಿ ಕಲಿತ ನನ್ನಂಥವನಿಗೂ ಈ ಲಾಘವವು ಬೆರಗನ್ನುಂಟುಮಾಡಿತು.

ಇಂತಹ ಇಕ್ಕಟ್ಟಿನಲ್ಲಿ ಹುಟ್ಟಿದುದು ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಎಂಬವರು ಗ್ನು ಯೋಜನೆಯ ಹರ್ಡ್ ವ್ಯವಸ್ಥೆಯನ್ನು ಎಬ್ಬಿಸುವುದಕ್ಕಾಗಿ ಇದನ್ನು ರಚಿಸಿದರು. ಒಂದೊಂದು ವ್ಯವಸ್ಥೆಗೂ ಒಂದೊಂದು ಬಗೆಯ ಆವಾಹನವಿಧಿಯಿದ್ದ ಕಾಲವದು. ಎಲ್ಲಕ್ಕೂ ಸಮಾನವಾದ ಮಲ್ಟಿಬೂಟ್ ಎಂಬ ಸಂಕೇತವನ್ನು ಅವರು ಬ್ರಯನ್ ಫೋರ್ಡ್ ಅವರೊಡಗೂಡಿ ಏರ್ಪಡಿಸಿದ್ದರು. ಕೆಲವು ವರ್ಷಗಳಲ್ಲಿ ತಿದ್ದುಪಡಿಗಳು ನಾನಾ ಕಡೆಗಳಿಂದ ಬಂದು ರಾಶಿಬಿದ್ದವು. ಅವನ್ನು ಪರಿಶೀಲಿಸಿ ಸೇರಿಸುವಷ್ಟು ಬಿಡುವು ಮೂಲಕರ್ತೃವಿಗೆ ಇರಲಿಲ್ಲ. 1999ರಲ್ಲಿ ಗಾರ್ಡನ್ ಮ್ಯಾಟ್ಜಿಗ್‌ಕೀಟ್ ಮತ್ತು ಯೋಶಿನೋರಿ ಓಕುಜಿ ಎಂಬಿಬ್ಬರು ಅದನ್ನು ಗ್ನು ಯೋಜನೆಯ ಅಧಿಕೃತ ಗ್ರಂಥವನ್ನಾಗಿ ಸ್ವೀಕರಿಸಿದರು. 2002ರಲ್ಲಿ ಓಕುಜಿಯವರು ತೇಪೆಗಳ ಮೇಲೆ ತೇಪೆ ಹಾಕುವುದನ್ನು ಬಿಟ್ಟು ಬುಡದಿಂದಲೇ ಹೊಸದಾಗಿ ಬರೆಯತೊಡಗಿದರು. ಅದು ‘ಗ್ರಬ್ 2’ ಆಗಿ, ಅದರ 2.00 ಎಂಬ ಆವೃತ್ತಿಯು ಹೊರಬಂದುದು 2012ರಲ್ಲಿ. ನಡುವೆ 10 ವರ್ಷ. ಜಗತ್ತಿನ ಅಸಂಖ್ಯಾತ ಯಂತ್ರಗಳು ಪ್ರತಿದಿನವೂ ಇದರ ಬಾಗಿಲಿನಿಂದಲೇ ಒಳಹೊಗುತ್ತಿದ್ದರೂ, ಬಾಗಿಲನ್ನು ಕಾಯುವವರು ಯಾವಾಗಲೂ ಬೆರಳೆಣಿಕೆಯ ಜನ.

ಇನ್ನೊಂದು ಶಾಖೆಯ ಕಥೆಯು ಇದಕ್ಕಿಂತ ಬೋಧಕವಾದುದು. ಬಯಾಸಿನ ಸ್ಥಾನಕ್ಕೆ ಇ.ಎಫ್.ಐ. ಎಂಬ ಹೊಸ ಫರ್ಮ್‌ವೇರ್ ಪದ್ಧತಿಯು ಬಂದಿತು. 2005ರಲ್ಲಿ ಅದರ ಪಾಲನೆಗಾಗಿ ತಯಾರಕರ ಒಕ್ಕೂಟವೂ ಏರ್ಪಟ್ಟು, ಮುಂದೆ ಅದು ಯು.ಇ.ಎಫ್.ಐ. ಎನಿಸಿಕೊಂಡಿತು. ಈ ಫರ್ಮ್‌ವೇರಿಗೆ ಕಡತಗಳನ್ನು ಓದಬಲ್ಲ ವಿದ್ಯೆಯಿದೆ. ತಟ್ಟೆಯಲ್ಲಿ ಅದಕ್ಕಾಗಿಯೇ ಮೀಸಲಾದ ವಿಭಾಗದಲ್ಲಿ ಬೂಟ್ ಕ್ರಮವಿಧಿಯನ್ನು ಸಾಮಾನ್ಯ ಕಡತದಂತೆ ಇಟ್ಟರೆ ಸಾಕು, 446ರ ಇಕ್ಕಟ್ಟಿಲ್ಲ. ಆಪಲ್ ಸಂಸ್ಥೆಯು 2006ರಲ್ಲಿ ಇಂಟೆಲ್ ಸಂಸ್ಕಾರಕಗಳುಳ್ಳ ಮ್ಯಾಕ್ ಯಂತ್ರಗಳನ್ನು ಹೊರತಂದಾಗ ಅವುಗಳಲ್ಲಿದ್ದುದು ಇ.ಎಫ್.ಐ. ಅದೇ ವರ್ಷ ಕ್ರಿಸ್ಟೋಫ್ ಫಿಸ್ಟರರ್ ಅವರು ಆ ಯಂತ್ರಗಳಲ್ಲಿ ಅನೇಕ ವ್ಯವಸ್ಥೆಗಳನ್ನು ಆರಿಸಿಕೊಳ್ಳಲು ಅನುವಾಗುವಂತೆ ‘ರಿಫಿಟ್’ ಎಂಬ ನಿರ್ವಾಹಕವನ್ನು ರಚಿಸಿದರು. ಅದರ ಕೊನೆಯ ಆವೃತ್ತಿಯು 2010ರದು. ಬಳಿಕ ಪಾಠವು ನಿಂತುಹೋಯಿತು. ಫರ್ಮ್‌ವೇರುಗಳು ಮಾತ್ರ ನಿಲ್ಲದೆ ಬದಲಾಗುತ್ತಲೇ ಇದ್ದವು.

ಕರ್ತೃವು ಕೈಬಿಟ್ಟ ಗ್ರಂಥಕ್ಕೆ ಸಾಮಾನ್ಯವಾಗಿ ಆಗುವ ಗತಿಯನ್ನು ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿದವರು ಬಲ್ಲರು. ಇಲ್ಲಿ ಹಾಗಾಗಲಿಲ್ಲ. ಮೂಲಪಾಠವು ಬಹಿರಂಗವಾಗಿದ್ದು, ಅದರ ಅನುಮತಿಪತ್ರವು ಅಡ್ಡಿಯಿಲ್ಲದುದಾಗಿದ್ದರಿಂದ, 2012ರಲ್ಲಿ ರಾಡರಿಕ್ ಸ್ಮಿತ್ ಅವರು ಅದನ್ನೆತ್ತಿಕೊಂಡು ‘ರಿಫೈಂಡ್’ ಎಂಬ ಹೊಸ ಶಾಖೆಯನ್ನು ತೆರೆದರು. ಎರಡು ಹೆಸರುಗಳ ನಡುವೆಯೂ ರೋಮನ್ ಲಿಪಿಯಲ್ಲಿ ಇ, ಎಫ್, ಐ ಎಂಬ ಮೂರು ಅಕ್ಷರಗಳು ಅಡಗಿ ಕುಳಿತಿವೆ. ಶ್ಲೇಷವು ನಮ್ಮ ಕವಿಗಳ ಸೊತ್ತು ಮಾತ್ರವಲ್ಲ. ಹೊಸ ಶಾಖೆಯು ಮ್ಯಾಕ್ ಯಂತ್ರಗಳಿಗೇ ಸೀಮಿತವಾಗದೆ ಎಲ್ಲ ಯು.ಇ.ಎಫ್.ಐ. ಯಂತ್ರಗಳನ್ನೂ ಗುರಿಯಾಗಿಟ್ಟುಕೊಂಡಿತು.

ಗ್ರಬ್ಬಿಗೂ ಇದಕ್ಕೂ ಒಂದು ತಾತ್ತ್ವಿಕ ಭೇದವುಂಟು. ಗ್ರಬ್ ವ್ಯವಸ್ಥೆಯನ್ನು ಆರಿಸಿಕೊಡುವುದೂ ಉಂಟು, ಲಿನಕ್ಸಿನ ತಿರುಳನ್ನು ಸ್ಮೃತಿಕೋಶಕ್ಕೆ ಹೊತ್ತುತರುವುದೂ ಉಂಟು. ರಿಫೈಂಡ್ ಆರಿಸಿಕೊಡುವುದಷ್ಟನ್ನೇ ಮಾಡಿ, ಮುಂದಿನದನ್ನು ಆಯಾ ವ್ಯವಸ್ಥೆಯ ಭಾರಕ್ಕೆ ಬಿಡುವುದು. ಲಿನಕ್ಸಿನ ತಿರುಳು 2012ರ 3.3ನೆಯ ಆವೃತ್ತಿಯಿಂದ ತಾನೇ ಒಂದು ಇ.ಎಫ್.ಐ. ಕ್ರಮವಿಧಿಯ ವೇಷವನ್ನು ಧರಿಸಬಲ್ಲುದಾದುದರಿಂದ ಈ ವಿಭಾಗವು ಸಾಧ್ಯವಾಯಿತು. ಮತ್ತೂ, ಗ್ರಬ್ ತನ್ನ ಪಟ್ಟಿಯನ್ನು ಮುಂಚಿತವಾಗಿ ಬರೆಸಿಟ್ಟುಕೊಳ್ಳುವುದು ವಾಡಿಕೆ. ರಿಫೈಂಡ್ ಪ್ರತಿಸಲವೂ ತಟ್ಟೆಗಳನ್ನು ಶೋಧಿಸಿ, ಕಂಡ ವ್ಯವಸ್ಥೆಗಳನ್ನು ಆಗಿಂದಾಗಲೇ ತೋರಿಸುವುದು. 2021ರಲ್ಲಿ ಗ್ರಬ್ಬಿನ 2.06ನೆಯ ಆವೃತ್ತಿಯು ಇತರ ವ್ಯವಸ್ಥೆಗಳನ್ನು ಹುಡುಕುವ ತನ್ನ ಸಹಾಯಕ ಕ್ರಮವಿಧಿಯನ್ನು ರಕ್ಷಣೆಯ ಕಾರಣದಿಂದ ಮೊದಲೇ ನಿಲ್ಲಿಸಿಟ್ಟಿತು. ಪರಿಣಾಮವಾಗಿ ಎಷ್ಟೋ ಜನರ ಪಟ್ಟಿಯಿಂದ ವಿಂಡೋಸ್ ಮಾಯವಾಯಿತು. ತಟ್ಟೆಯಲ್ಲಿ ಅದು ಕ್ಷೇಮವಾಗಿಯೇ ಇದ್ದಿತು. ಹೆಸರು ಮಾತ್ರ ಅಳಿದಿದ್ದಿತು.

ಇನ್ನು ಕಟ್ಟುವ ಕ್ರಮ. ಮೂಲಪಾಠವನ್ನು ಯಂತ್ರಭಾಷೆಗೆ ತಿರುಗಿಸುವುದಕ್ಕೆ ಇಲ್ಲಿ ಕಟ್ಟುವುದೆಂದು ಹೆಸರು. ರಿಫೈಂಡನ್ನು ಟಿಯಾನೋಕೋರ್ ಎಂಬ ದೊಡ್ಡ ಸಾಧನಸಮೂಹದಿಂದಲೂ ಗ್ನು-ಇ.ಎಫ್.ಐ. ಎಂಬ ಸಣ್ಣ ಸಾಧನದಿಂದಲೂ ಕಟ್ಟಬಹುದು. ಎರಡನೆಯ ಮಾರ್ಗದ ತೊಡಕು ಭಾಷಾಶಾಸ್ತ್ರದ ಅಧ್ಯಾಪಕರಿಗೆ ರುಚಿಸೀತು. ಕ್ರಮವಿಧಿಯ ಒಂದು ಭಾಗವು ಇನ್ನೊಂದನ್ನು ಕರೆಯುವಾಗ ಯಾವುದು ಕರ್ತೃ, ಯಾವುದು ಕರ್ಮವೆಂಬುದನ್ನು ತಿಳಿಸಬೇಕಷ್ಟೆ. ಸಂಸ್ಕೃತ ಕನ್ನಡಗಳಿಗೆ ವಿಭಕ್ತಿಗಳಿರುವುದರಿಂದ ಪದಗಳನ್ನು ಹಿಂದುಮುಂದಾಗಿಟ್ಟರೂ ಅರ್ಥವು ಕೆಡದು. ಯಂತ್ರಕ್ಕೆ ವಿಭಕ್ತಿಯಿಲ್ಲ; ಯಾವ ಪದಾರ್ಥವು ಯಾವ ಗೂಡಿನಲ್ಲಿದೆಯೆಂಬುದೇ ಅದರ ಕಾರಕ. 64 ಬಿಟ್ಟುಗಳ ಸಾಮಾನ್ಯ ಯಂತ್ರಗಳಲ್ಲಿ ಫರ್ಮ್‌ವೇರು ಮೈಕ್ರೋಸಾಫ್ಟ್ ಸಂಪ್ರದಾಯದ ಗೂಡುಗಳನ್ನು ನೋಡುವುದು; ಲಿನಕ್ಸಿನಲ್ಲಿ ಕಟ್ಟಿದ ಕ್ರಮವಿಧಿಯು ಯೂನಿಕ್ಸ್ ಸಂಪ್ರದಾಯದ ಗೂಡುಗಳನ್ನು ತುಂಬುವುದು. ನಡುವೆ ದುಭಾಷಿಯೊಬ್ಬನಿಲ್ಲದಿದ್ದರೆ ದಾನಿಯು ಪ್ರತಿಗ್ರಾಹಿಯಾಗುತ್ತಾನೆ. ಗ್ನು-ಇ.ಎಫ್.ಐ. ಆ ದುಭಾಷಿಯ ಕೆಲಸವನ್ನು ಮಾಡುವುದು. ಅಲ್ಲದೆ ಲಿನಕ್ಸಿನಲ್ಲಿ ಹುಟ್ಟಿದ ಕಡತದ ಕಟ್ಟಡವೂ ಬೇರೆಯಾದುದರಿಂದ, ಅದನ್ನು ವಿಂಡೋಸಿನ ಕಡತಗಳ ಆಕಾರಕ್ಕೆ ಕೊನೆಯಲ್ಲಿ ಎರಕಹೊಯ್ಯಬೇಕು.

ತೆರೆದಿಟ್ಟ ಗ್ರಂಥವೆಲ್ಲವೂ ಓದಿದ ಗ್ರಂಥವಲ್ಲವೆಂಬುದಕ್ಕೆ ಗ್ರಬ್ಬಿನಲ್ಲಿಯೇ ಎರಡು ನಿದರ್ಶನಗಳಿವೆ. 2015ರ ಡಿಸೆಂಬರಿನಲ್ಲಿ ವೆಲೆನ್ಸಿಯಾದ ಇಬ್ಬರು ಸಂಶೋಧಕರು, ಗ್ರಬ್ ಬಳಕೆದಾರನ ಹೆಸರನ್ನು ಕೇಳುವಾಗ ಅಳಿಸುವ ಕೀಲಿಯನ್ನು 28 ಸಲ ಒತ್ತಿದರೆ ಗುಪ್ತಪದದ ಕಾವಲು ಬಿದ್ದುಹೋಗುವುದೆಂದು ತೋರಿಸಿದರು. ಅಳಿಸಲು ಅಕ್ಷರವೇ ಇಲ್ಲದಿರುವಾಗಲೂ ಎಣಿಕೆಯು ಸೊನ್ನೆಯಿಂದ ಕೆಳಗಿಳಿಯುತ್ತಿದ್ದುದೇ ಕಾರಣ. ಆ ಸಾಲು 2009ರಿಂದಲೂ ಎಲ್ಲರ ಕಣ್ಣೆದುರಿಗೇ ಇದ್ದಿತು.

2020ರ ಜುಲೈಯಲ್ಲಿ ಪ್ರಕಟವಾದ ‘ಬೂಟ್‌ಹೋಲ್’ ದೋಷವು ಇನ್ನೂ ಸೂಕ್ಷ್ಮ. ಗ್ರಬ್ ತನ್ನ ಪಟ್ಟಿಯ ಕಡತವನ್ನು ಓದುವಾಗ ಅದನ್ನು ಪದಗಳಾಗಿ ಬಿಡಿಸುವ ಭಾಗವನ್ನು ಫ್ಲೆಕ್ಸ್ ಎಂಬ ಬೇರೊಂದು ಉಪಕರಣವು ಬರೆದುಕೊಟ್ಟಿರುತ್ತದೆ. ಪದವು ಪಾತ್ರೆಗಿಂತ ದೊಡ್ಡದಾದರೆ ಅದು ‘ಘಾತಕದೋಷ’ವೆಂಬ ಕಾರ್ಯವನ್ನು ಕರೆಯುತ್ತದೆ, ಕರೆದ ಮೇಲೆ ಎಲ್ಲವೂ ನಿಂತುಹೋಗುವುದೆಂಬುದು ಅದರ ನಂಬಿಕೆ. ಗ್ರಬ್ಬಿನವರು ಆ ಹೆಸರಿಗೆ ಕೊಟ್ಟ ಅರ್ಥವಾದರೋ, ಒಂದು ಎಚ್ಚರಿಕೆಯ ಸಾಲನ್ನು ತೆರೆಯ ಮೇಲೆ ತೋರಿಸಿ ಹಿಂದಿರುಗುವುದು. ಹಿಂದಿರುಗಿದೊಡನೆ ದೊಡ್ಡ ಪದವು ಸಣ್ಣ ಪಾತ್ರೆಗೆ ಸುರಿಯಲ್ಪಟ್ಟು, ಉಕ್ಕಿ, ಪಕ್ಕದ ಸ್ಮೃತಿಯನ್ನು ಅಳಿಸಿ ಬರೆಯುತ್ತಿದ್ದಿತು. ‘ಗುಣ’ವೆಂದರೆ ವೈಯಾಕರಣನಿಗೆ ಅ, ಏ, ಓ ಎಂಬ ಸ್ವರಗಳು; ನೈಯಾಯಿಕನಿಗೆ ರೂಪರಸಾದಿಗಳು. ಒಬ್ಬನ ಸಂಜ್ಞೆಯನ್ನು ಇನ್ನೊಬ್ಬನು ತನ್ನರ್ಥದಲ್ಲಿ ಗ್ರಹಿಸಿದ ಕೇಡಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಈ ದೋಷವು ಅಷ್ಟು ಕೋಲಾಹಲವನ್ನೆಬ್ಬಿಸಲು ಕಾರಣವಾದುದು ‘ಸೆಕ್ಯೂರ್ ಬೂಟ್’ ಎಂಬ ಮುದ್ರಾಪದ್ಧತಿ. 2012ರಲ್ಲಿ ವಿಂಡೋಸ್ 8ರೊಡನೆ ಇದು ಬಳಕೆಗೆ ಬಂದಿತು. ನಂಬಿದ ಮುದ್ರೆಯಿಲ್ಲದ ಯಾವ ಬೂಟ್ ಕ್ರಮವಿಧಿಯನ್ನೂ ಫರ್ಮ್‌ವೇರು ನಡೆಯಗೊಡದು. ಸಾಮಾನ್ಯ ಯಂತ್ರಗಳಲ್ಲಿ ಮೊದಲೇ ನೆಲೆಗೊಂಡಿರುವುದು ಮೈಕ್ರೋಸಾಫ್ಟಿನ ಮುದ್ರೆಯ ಕೀಲಿ. ಕಳ್ಳ ಕ್ರಮವಿಧಿಗಳನ್ನು ತಡೆಯಲು ಇದು ಸಾಧುವಾದ ಉಪಾಯವೇ ಸರಿ. ಆದರೆ ಗ್ರಂಥವನ್ನು ಓದುವ, ತಿದ್ದುವ ಸ್ವಾತಂತ್ರ್ಯವಿದ್ದವನಿಗೆ, ತಾನು ತಿದ್ದಿದ ಪ್ರತಿಯನ್ನು ತನ್ನದೇ ಯಂತ್ರದಲ್ಲಿ ನಡೆಸುವ ಸ್ವಾತಂತ್ರ್ಯವಿಲ್ಲವಾದರೆ ಆ ಮುಕ್ತತೆಗೆ ಅರ್ಥವೇನು? ವಿಂಡೋಸ್ 8ರ ನಿಯಮವು ಸಾಮಾನ್ಯ ಯಂತ್ರಗಳಲ್ಲಿ ಯಜಮಾನನು ಈ ಪದ್ಧತಿಯನ್ನು ನಿಲ್ಲಿಸಬಲ್ಲವನಾಗಿರಬೇಕೆಂದು ವಿಧಿಸಿದ್ದಿತು. 2015ರ ವಿಂಡೋಸ್ 10ರಲ್ಲಿ ಆ ವಿಧಿಯು ತಯಾರಕನ ಇಷ್ಟಕ್ಕೆ ಬಿಟ್ಟ ವಿಕಲ್ಪವಾಯಿತು. ವಿಧಿಯು ವಿಕಲ್ಪವಾಗುವುದರ ಭಾರವನ್ನು ಮೀಮಾಂಸೆಯನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಸಮಾಧಾನವಾಗಿ 2012ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಅವರು ‘ಶಿಮ್’ ಎಂಬ ಸಣ್ಣ ಮಧ್ಯವರ್ತಿಯನ್ನು ಸಿದ್ಧಪಡಿಸಿದರು. ಮೈಕ್ರೋಸಾಫ್ಟಿನ ಮುದ್ರೆಯನ್ನು ಹೊತ್ತುದು ಶಿಮ್ ಮಾತ್ರ. ಅದು ಮುಂದೆ ಲಿನಕ್ಸ್ ಹಂಚಿಕೆದಾರನ ಮುದ್ರೆಯನ್ನೋ ಯಂತ್ರದ ಯಜಮಾನನ ಸ್ವಂತ ಮುದ್ರೆಯನ್ನೋ ಒಪ್ಪಿಕೊಳ್ಳುವುದು. ಬೂಟ್‌ಹೋಲ್ ಬಯಲಾದಾಗ ಮುದ್ರೆಬಿದ್ದ ಹಳೆಯ ಗ್ರಬ್ ಪ್ರತಿಗಳೆಲ್ಲವನ್ನೂ ತಿರಸ್ಕರಿಸಬೇಕಾಯಿತು. ಆ ತಿರಸ್ಕಾರದ ಪಟ್ಟಿಯನ್ನಿಡಲು ಫರ್ಮ್‌ವೇರಿನಲ್ಲಿ ಸ್ಥಳವು ಅತಿ ಸ್ವಲ್ಪ. ಆದುದರಿಂದ 2021ರಲ್ಲಿ, ಒಂದೊಂದು ಪ್ರತಿಯನ್ನೂ ಹೆಸರಿಸುವುದನ್ನು ಬಿಟ್ಟು, ‘ಇಷ್ಟನೆಯ ತಲೆಮಾರಿಗಿಂತ ಹಿಂದಿನವು ಅಗ್ರಾಹ್ಯ’ವೆಂದು ಸಂಖ್ಯೆಯಿಂದ ಹೇಳುವ ಕ್ರಮವನ್ನು ಶಿಮ್ ಪಾಲಕರು ತಂದರು. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಒಂದು ಪರಿಷ್ಕರಣವು ಈ ತಲೆಮಾರಿನ ಗಡಿಯನ್ನು ಮುಂದೆ ಸರಿಸಿತು. ಎರಡು ವ್ಯವಸ್ಥೆಗಳುಳ್ಳ ಯಂತ್ರಗಳನ್ನು ಅದು ಮುಟ್ಟದೆಂದು ಹೇಳಲಾಗಿದ್ದರೂ, ಅಂತಹ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು.

ಹೀಗಿದ್ದರೂ ದಾರಿಯು ಪೂರ್ತಿಯಾಗಿ ಮುಚ್ಚಿಲ್ಲ. ರಿಫೈಂಡಿನ ಮೂಲಪಾಠವನ್ನು ತಿದ್ದಿ ಕಟ್ಟಿಕೊಂಡವನು ತನ್ನದೇ ಕೀಲಿಜೋಡಿಯನ್ನು ಸೃಷ್ಟಿಸಿ, ಗುಪ್ತಕೀಲಿಯಿಂದ ತನ್ನ ಪ್ರತಿಗೆ ಮುದ್ರೆಯೊತ್ತಿ, ಬಹಿರಂಗಕೀಲಿಯನ್ನು ಶಿಮ್ಮಿಗೆ ಪರಿಚಯಿಸಬಹುದು. ಆ ಪರಿಚಯವು ಯಾವ ವ್ಯವಸ್ಥೆಯ ಒಳಗಿನಿಂದಲೂ ಪೂರ್ಣವಾಗದು. ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಾಗ, ಇನ್ನೂ ಯಾವ ವ್ಯವಸ್ಥೆಯೂ ಏಳುವುದಕ್ಕೆ ಮುಂಚೆ, ನೀಲಿಯ ತೆರೆಯೊಂದು ಬಂದು ಕೇಳುವುದು. ಆಗ ಯಜಮಾನನು ಎದುರಿಗೆ ಕುಳಿತು, ತನ್ನ ಕೈಯಿಂದಲೇ ಕೀಲಿಗಳನ್ನೊತ್ತಿ, ಹೌದೆಂದು ಉತ್ತರಕೊಡಬೇಕು.