ಕಾಫಿ ಗಿಡದ ತುಕ್ಕು ಒಂದೇ ಬಗೆಯದಲ್ಲ

ತಪ್ಪು ಕಲ್ಪನೆ: ತುಕ್ಕು ತಡೆಯುವ ತಳಿ ಕೆಲವೇ ವರ್ಷಗಳಲ್ಲಿ ಕೆಟ್ಟುಹೋಗುತ್ತದೆ.

‘ಮೊದಲು ಈ ಗಿಡಕ್ಕೆ ತುಕ್ಕೇ ಬರುತ್ತಿರಲಿಲ್ಲ, ಈಗ ತಳಿ ಕೆಟ್ಟಿದೆ’ ಎಂಬ ಮಾತು ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ಸಾಮಾನ್ಯ. ಬೀಜ ಬೆರಕೆಯಾಗಿರುವುದೂ ಉಂಟು, ನಿಜ. ಆದರೆ ಗಿಡ ಇದ್ದ ಹಾಗೇ ಇದ್ದು, ತುಕ್ಕು ತರುವ ಶಿಲೀಂಧ್ರ ಬದಲಾಗಿರುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಿಡದ ಮೇಲೆ ಹೊರಿಸುವ ಈ ಆರೋಪ ಅನ್ಯಾಯದ್ದು.

ಕೆಂಟ್ಸ್ ತಳಿಯನ್ನೇ ನೋಡಿ. 1911ರ ಸುಮಾರಿಗೆ, ಆಗಿನ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರು ತುಕ್ಕಿಗೆ ಜಗ್ಗದ ಗಿಡವನ್ನು ಆರಿಸಿ ಬೆಳೆಸಿದರು. ಅದರ ಬೀಜ ಪೂರ್ವ ಆಫ್ರಿಕಾದವರೆಗೂ ಹೋಯಿತು. ಮುಂದೆ ಅದಕ್ಕೂ ತುಕ್ಕು ಹತ್ತಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ವಿಲ್ಸನ್ ಮೇನ್ ಬೇರೆ ಬೇರೆ ಗಿಡಗಳ ತುಕ್ಕನ್ನು ಬೇರೆ ಬೇರೆ ತಳಿಗಳ ಎಲೆಗೆ ಹಚ್ಚಿ ಪರೀಕ್ಷಿಸಿದರು. ಹಳೆಯ ಅರೇಬಿಕಾಕ್ಕೆ ತಗಲುವ ಒಂದು ತುಕ್ಕು ಕೆಂಟ್ಸ್‌ಗೆ ತಗಲಲಿಲ್ಲ, ಇನ್ನೊಂದು ತಗಲಿತು. ಒಂದೇ ಶಿಲೀಂಧ್ರದೊಳಗೆ ಬೇರೆ ಬೇರೆ ‘ರೇಸ್’ಗಳಿವೆ ಎಂಬುದನ್ನು ಅವರು 1932ರಲ್ಲಿ ಪ್ರಕಟಿಸಿದರು. ಈಗ ಜಗತ್ತಿನಲ್ಲಿ ಗುರುತಿಸಿರುವ ರೇಸ್‌ಗಳು 50ಕ್ಕೂ ಹೆಚ್ಚು.

ಕಣ್ಣಿಗೆ ಇವೆಲ್ಲ ಒಂದೇ. ಎಲೆ ಮಗುಚಿದರೆ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಹುಡಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಯಾವ ರೇಸ್ ಎಂಬುದು ಎಲೆಗಳಿಗೆ ಹಚ್ಚಿ ನೋಡಿದಾಗಲೇ ತಿಳಿಯುವುದು.

ಗಿಡದ ನಿರೋಧಕ ವಂಶವಾಹಿ ಶಿಲೀಂಧ್ರದ ಒಂದು ನಿರ್ದಿಷ್ಟ ಗುರುತನ್ನು ಹಿಡಿದು ಅದನ್ನು ತಡೆಯುತ್ತದೆ. ಆ ಗುರುತು ಮಾರ್ಪಟ್ಟ ಶಿಲೀಂಧ್ರದ ಬೀಜಕಣ ಗಿಡದ ಗಮನಕ್ಕೆ ಬರದೆ ಒಳಹೊಕ್ಕು ಬೆಳೆಯುತ್ತದೆ. ಎಲ್ಲೆಲ್ಲೂ ಒಂದೇ ತಳಿ ನೆಟ್ಟಿದ್ದರೆ ಅಂಥ ಬೀಜಕಣಕ್ಕೆ ಎದುರಾಳಿಯೇ ಇಲ್ಲ. ಲೈಬೀರಿಕಾ ಕಾಫಿಯ ನಿರೋಧಕ ಗುಣ ಪಡೆದ ಎಸ್. 795 ತಳಿಗೂ, ಟಿಮೋರ್ ದ್ವೀಪದ ಮಿಶ್ರತಳಿಯಿಂದ ಬಂದ ಕಾವೇರಿ ತಳಿಗೂ ಆದದ್ದು ಇದೇ.

ತಪ್ಪು ಕಲ್ಪನೆ: ಹೊಸ ರೇಸ್ ಎಂದರೆ ಹೆಚ್ಚು ಉಗ್ರ.

ರೇಸ್ ಹೇಳುವುದು ಯಾವ ತಳಿಯೊಳಗೆ ಅದು ಹೋಗಬಲ್ಲದು ಎಂಬುದನ್ನಷ್ಟೇ. ಎಷ್ಟು ಎಲೆ ಉದುರುತ್ತದೆ ಎಂಬುದರಲ್ಲಿ ಮಳೆ, ನೆರಳು, ಗಿಡ ಹೊತ್ತ ಫಸಲು ಎಲ್ಲದರ ಪಾಲೂ ಇದೆ.

ತಪ್ಪು ಕಲ್ಪನೆ: ಹೊಸ ರೇಸ್‌ಗೆ ಬೋರ್ಡೋ ನಾಟುವುದಿಲ್ಲ.

ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರ ಎಲೆಯ ಮೇಲಿರುವ ಬೀಜಕಣ ಮೊಳೆಯದಂತೆ ತಡೆಯುತ್ತದೆ. ತಳಿಯ ನಿರೋಧಕ ಗುಣವನ್ನು ದಾಟಿ ಬಂದ ರೇಸ್‌ಗೂ ಇದೇ ಪೆಟ್ಟು. ಆದರೆ ತುಕ್ಕು ಒಳನುಗ್ಗುವುದು ಎಲೆಯ ಕೆಳಮೈಯ ರಂಧ್ರಗಳಿಂದ. ಮುಂಗಾರಿಗೆ ಮುಂಚೆ ಹೊಡೆಯುವ ಶೇ. 0.5ರ ಬೋರ್ಡೋ ದ್ರಾವಣ ಎಲೆಯ ಮೇಲ್ಭಾಗವನ್ನಷ್ಟೇ ತೋಯಿಸಿದರೆ ಸಾಲದು, ಕೆಳಗಿನಿಂದಲೂ ಸಿಂಪಡಿಸಬೇಕು.