ತೆರೆ ಕಪ್ಪಾದ ಮಾತ್ರಕ್ಕೆ ಯಂತ್ರ ಸತ್ತಿತೆ?

ಗುಂಡಿಯೊತ್ತಿದ ಕೂಡಲೆ ಗಣಕಯಂತ್ರದ ಪಂಖ ತಿರುಗುತ್ತದೆ. ಡಿಸ್ಕಿನ ದೀಪ ಮಿನುಗುತ್ತದೆ. ತಯಾರಕರ ಲಾಂಛನವೂ ಒಂದು ಕ್ಷಣ ಮೂಡಿ ಮರೆಯಾಗುತ್ತದೆ. ಬಳಿಕ ತೆರೆಯ ಮೇಲೆ ಅಮಾವಾಸ್ಯೆಯ ಕತ್ತಲೆ! ಇಂಥ ಹೊತ್ತಿನಲ್ಲಿ ಗಾಬರಿಗೊಂಡವನಿಗೆ ತೋಚುವ ದಾರಿ ಒಂದೇ: ಇದ್ದುದೆಲ್ಲವನ್ನೂ ಅಳಿಸಿ ಕಾರ್ಯವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು. ವರ್ಷಗಟ್ಟಲೆ ಕೂಡಿಟ್ಟ ಲೆಕ್ಕಪತ್ರಗಳೂ ಭಾವಚಿತ್ರಗಳೂ ಆ ಆತುರಕ್ಕೆ ಆಹುತಿಯಾಗುತ್ತವೆ. ಅನೇಕ ವೇಳೆ ಅವೆಲ್ಲ ಡಿಸ್ಕಿನಲ್ಲಿ ಕ್ಷೇಮವಾಗಿಯೇ ಇದ್ದು, ಕೆಟ್ಟಿರುವುದು ಚಿತ್ರವನ್ನು ತೆರೆಗೆ ಮುಟ್ಟಿಸುವ ಏರ್ಪಾಡು ಮಾತ್ರವಾಗಿರುತ್ತದೆ.

ಈ ಏರ್ಪಾಡು ಮೂವರ ಕೈ ದಾಟಿ ಬರುವಂಥದು. ಮೊದಲನೆಯದು ಯಂತ್ರದ ಫಲಕದಲ್ಲಿಯೇ ನೆಲೆಸಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ಬೂಟ್‌ಲೋಡರನ್ನು ಎಬ್ಬಿಸುತ್ತದೆ. ನಾಟಕದ ಸೂತ್ರಧಾರನಂತೆ ಈ ಬೂಟ್‌ಲೋಡರು ರಂಗಕ್ಕೆ ಬಂದು, ಪ್ರಧಾನ ಪಾತ್ರವಾದ ಕರ್ನೆಲನ್ನು ಕರೆತಂದು, ತಾನು ನೇಪಥ್ಯಕ್ಕೆ ಸರಿಯುತ್ತದೆ. ಲಿನಕ್ಸ್ ಬಳಸುವವರಲ್ಲಿ ಬಹುಮಂದಿಗೆ ಪರಿಚಿತವಾದ ಸೂತ್ರಧಾರ 'ಗ್ರಬ್'. 1995ರಲ್ಲಿ ಎರಿಕ್ ಬೊಲೇನ್ ಅದನ್ನು ರಚಿಸತೊಡಗಿದಾಗ ಅವರ ಉದ್ದೇಶ ಲಿನಕ್ಸನ್ನಲ್ಲ, ಹರ್ಡ್ ಎಂಬ ಬೇರೊಂದು ವ್ಯವಸ್ಥೆಯನ್ನು ಎಬ್ಬಿಸುವುದಾಗಿತ್ತು.

ಕತ್ತಲೆ ಯಾವ ಕೈಯಲ್ಲಿ ಕವಿಯಿತೆಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಲಾಂಛನವೇ ಕಾಣದಿದ್ದರೆ ಗ್ರಬ್ಬನ್ನು ದೂರಿ ಫಲವಿಲ್ಲ. ಮೊದಲು ಕೇಬಲನ್ನು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿದ್ದೂ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ ಕತ್ತಲೆಯಲ್ಲಿ ಕುಳಿತವರು ಕಡಿಮೆಯಲ್ಲ! ಯುಇಎಫ್‌ಐ ರೀತಿಗೆ ಒಗ್ಗದ ಹಳೆಯ ಕಾರ್ಡುಗಳಲ್ಲಿ ಇನ್ನೊಂದು ವಿಚಿತ್ರವುಂಟು: ಲಾಂಛನವೂ ಇಲ್ಲ, ಗ್ರಬ್ಬಿನ ಪಟ್ಟಿಯೂ ಇಲ್ಲ, ಆದರೆ ಕರ್ನೆಲ್ ಬಂದೊಡನೆ ತೆರೆ ಬೆಳಗುತ್ತದೆ.

ಲಾಂಛನ ಕಂಡು ಪಟ್ಟಿ ಮಾತ್ರ ಕಾಣದಿದ್ದಾಗ, ಅದು ಬೇಕೆಂದೇ ಮರೆಯಲ್ಲಿರಬಹುದು. ಉಬುಂಟುವಿನಲ್ಲಿ ಬಯೋಸ್ ಯಂತ್ರವಾದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಯುಇಎಫ್‌ಐ ಆದರೆ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಸಿಗ್ನಲು ತನ್ನ ಮೇರೆ ಮೀರಿದೆಯೆಂದು ಮಾನಿಟರು ದೂರಿದರೆ, ಗ್ರಬ್ ಆರಿಸಿದ ಚಿತ್ರದ ಅಳತೆ ಆ ಮಾನಿಟರಿಗೆ ಹಿಡಿಸಿಲ್ಲವೆಂದು ತಿಳಿಯಬೇಕು. ಗ್ರಬ್ಬಿನ ಆದೇಶಸಾಲಿನಲ್ಲಿ 'ವಿಡಿಯೋಇನ್ಫೋ' ಎಂದು ಕೇಳಿದರೆ ಲಭ್ಯವಿರುವ ಅಳತೆಗಳನ್ನು ಅದೇ ಹೇಳುತ್ತದೆ. 640 × 480 ಅಥವಾ 1024 × 768 ಸಾಮಾನ್ಯವಾಗಿ ಒಗ್ಗುತ್ತದೆ.

ಪಟ್ಟಿ ಕಂಡು, ಆಯ್ಕೆಯೂ ಆಗಿ, ಬಳಿಕ ಕತ್ತಲೆ ಕವಿಯುವುದೇ ಎಲ್ಲಕ್ಕಿಂತ ಹೆಚ್ಚು ಜನರನ್ನು ಹೆದರಿಸಿದ ಸಂದರ್ಭ. 2009ರಲ್ಲಿ ಹೊರಬಂದ 2.6.29ನೆಯ ಲಿನಕ್ಸ್ ಆವೃತ್ತಿಯಿಂದ ಮೊದಲ್ಗೊಂಡು, ತೆರೆಯ ಅಳತೆಯನ್ನು ನಿಶ್ಚಯಿಸುವ ಅಧಿಕಾರ ಕರ್ನೆಲಿನೊಳಗಿನ ಡ್ರೈವರುಗಳಿಗೆ ಸೇರುತ್ತ ಬಂತು. ಡ್ರೈವರಿಗೂ ಕಾರ್ಡಿಗೂ ಹೊಂದಾಣಿಕೆ ತಪ್ಪಿತೆಂದರೆ ಗ್ರಬ್ ಬೆಳಗಿಸಿಟ್ಟ ತೆರೆಯನ್ನು ಅದು ಆರಿಸಿಬಿಡುತ್ತದೆ. ಆಗ ಕ್ಯಾಪ್ಸ್‌ಲಾಕ್ ಕೀಲಿಯನ್ನೊತ್ತಿ ನೋಡಬೇಕು. ಅದರ ದೀಪ ಹತ್ತಿ ಆರಿದರೆ ಕರ್ನೆಲ್ ಜೀವಂತವಾಗಿದೆಯೆಂಬ ಸುಳಿವು. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಪಟ್ಟಿಯಲ್ಲಿ 'ಇ' ಅಕ್ಷರವನ್ನೊತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬ ಒಂದೇ ಪದವನ್ನು ಸೇರಿಸಿ ಎಫ್10 ಒತ್ತಿದರೆ, ಡ್ರೈವರು ತೆರೆಯ ಗೊಡವೆಗೆ ಹೋಗದೆ ಸುಮ್ಮನಿರುತ್ತದೆ. ಚಿತ್ರ ಮೋಟಾಗಿ ಕಂಡೀತು; ಆದರೆ ಕಂಡೀತು. ಆ ಬೆಳಕಿನಲ್ಲಿ ಮೊದಲು ಬೇಕಾದುದನ್ನು ನಕಲು ಮಾಡಿಕೊಳ್ಳಬೇಕು. ಅನಂತರ ತಕ್ಕ ಡ್ರೈವರನ್ನು ಸ್ಥಾಪಿಸಬೇಕು.

ಈ ಪದವನ್ನು ಕಾಯಂ ಮದ್ದೆಂದು ಬಗೆಯುವುದು ತರವಲ್ಲ. ಅದು ಇರುವವರೆಗೆ ಕಾರ್ಡಿನ ಪೂರ್ಣ ಸಾಮರ್ಥ್ಯ ದೊರೆಯದು. ಹೀಗೆ ಸೇರಿಸಿದ ಪದ ಆ ಒಂದು ಸಲಕ್ಕೆ ಮಾತ್ರ ಅನ್ವಯ; ಮರುಸಲ ತಾನಾಗಿ ಮಾಯವಾಗುತ್ತದೆ. ಚಿತ್ರದ ಅಳತೆಯಂಥ ಬದಲಾವಣೆ ಉಳಿಯಬೇಕಾದರೆ ಗ್ರಬ್ಬಿನ ಸಂಯೋಜನಾ ಕಡತದಲ್ಲಿ ಬರೆದು, ಉಬುಂಟುವಿನಲ್ಲಾದರೆ 'ಅಪ್‌ಡೇಟ್-ಗ್ರಬ್' ಆದೇಶವನ್ನು ಕೊಡಬೇಕು. ಅದನ್ನು ಕೊಡದಿದ್ದರೆ ಬರೆದದ್ದು ಕಡತದಲ್ಲಿಯೇ ಉಳಿಯುತ್ತದೆ. ತೆರೆಯ ಮೇಲೆ ಮತ್ತೆ ಹಳೆಯ ಕತ್ತಲೆ.